ಕ್ಯಾಸೆಟ್ ಕಾಲದ ಹಾಡು, ಕ್ಯಾಸೆಟ್ ಹೋದ ಮೇಲೆ

ಬ್ರಿಟನ್ನಿನ ಬೀದಿಗಳಲ್ಲಿ ಸಿನಿಮಾ ಕ್ಯಾಸೆಟ್ ಬಾಡಿಗೆಗೆ ಕೊಡುತ್ತಿದ್ದ ಬ್ಲಾಕ್‌ಬಸ್ಟರ್ ಅಂಗಡಿಗಳು 2013ರಲ್ಲಿ ಬಾಗಿಲು ಹಾಕಿದವು. 2016ರ ಜುಲೈನಲ್ಲಿ ಜಪಾನಿನ ಫುನಾಯ್ ಕಂಪನಿ ವಿಸಿಆರ್ ತಯಾರಿಸುವುದನ್ನೇ ನಿಲ್ಲಿಸಿತು. ಈ ಎರಡರ ನಡುವೆ, 2015ರಲ್ಲಿ, ಗನ್‌ಶಿಪ್ ಎಂಬ ಬ್ರಿಟಿಷ್ ತಂಡದ ಮೊದಲ ಆಲ್ಬಂ ಬಂತು. ಹೆಣ ಎತ್ತುವ ಹೊತ್ತಿಗೆ ಸರಿಯಾಗಿ ಬಂದಿಳಿದ ನೆಂಟರ ಹಾಗೆ.

ಅದನ್ನು ಕೇಳಿದಾಗಲೆಲ್ಲ ನನಗೆ ಬಾಡಿಗೆ ವಿಸಿಆರ್‌ನ ರಾತ್ರಿಗಳು ನೆನಪಾಗುತ್ತವೆ. ನಿಮಗೂ ನೆನಪಿರಬಹುದು. ಓಣಿಯವರೆಲ್ಲ ದುಡ್ಡು ಸೇರಿಸಿ ತರುತ್ತಿದ್ದ ಪೆಟ್ಟಿಗೆ, ನಡುಮನೆ ತುಂಬ ಚಾಪೆ, ಬೆಳಗಾಗುವುದರೊಳಗೆ ಮೂರು ಸಿನಿಮಾ. ಪರದೆ ಮೇಲೆ ಗೆರೆ ಎದ್ದರೆ ಹೆಡ್ ಒರೆಸುವ ಗಡಿಬಿಡಿ. ಇಂಗ್ಲಿಷ್ ಚಿತ್ರವಾದರೆ ಮಾತು ಒಂದೂ ತಿಳಿಯುತ್ತಿರಲಿಲ್ಲ. ಸಿಂಥಸೈಜರಿನ ಆ ಗುಂಯ್‌ಗುಡುವ ಸದ್ದು ಮಾತ್ರ ಮರುದಿನವೂ ಕಿವಿ ಬಿಡುತ್ತಿರಲಿಲ್ಲ.

ಗನ್‌ಶಿಪ್ ಹಿಡಿದದ್ದು ಆ ಸದ್ದನ್ನೇ. ಡ್ಯಾನ್ ಹೇಗ್, ಅಲೆಕ್ಸ್ ವೆಸ್ಟವೇ ಇಬ್ಬರೂ ಫೈಟ್‌ಸ್ಟಾರ್ ಎಂಬ ಅಬ್ಬರದ ಗಿಟಾರ್ ತಂಡದವರು. 2010ರ ಸುಮಾರಿಗೆ ಸಿಂಥಸೈಜರಿನತ್ತ ಹೊರಳಿದರು. ಅಲೆಕ್ಸ್ ಗಿಂಗೆಲ್ ಜೊತೆಯಾದರು. ಅವರ ‘ಟೆಕ್ ನೊಆರ್’ ಹಾಡಿನ ಹೆಸರು 1984ರ ‘ದಿ ಟರ್ಮಿನೇಟರ್’ ಚಿತ್ರದ ನೈಟ್‌ಕ್ಲಬ್ಬಿನದು. ಅದರಲ್ಲಿ ಕೇಳುವ ಮುದಿದನಿ ಜಾನ್ ಕಾರ್ಪೆಂಟರ್ ಅವರದು: ‘ಹ್ಯಾಲೊವೀನ್’ ಚಿತ್ರ ನಿರ್ದೇಶಿಸಿ, ಅದಕ್ಕೆ ಸಂಗೀತವನ್ನೂ ತಾವೇ ಕೂಡಿಸಿದವರು. ಹಾಡಿನ ವಿಡಿಯೊದ ಬೊಂಬೆಗಳನ್ನು ಜೇಡಿಮಣ್ಣಿನ ತರಹದ ಮುದ್ದೆಯಲ್ಲಿ ಕೈಯಾರೆ ಮಾಡಿ, ಒಂದೊಂದು ಚೌಕಟ್ಟಿಗೂ ಅವನ್ನು ಚೂರುಚೂರೇ ಸರಿಸಿ ಚಿತ್ರಿಸಿದ್ದಾರೆ. ಇಷ್ಟು ತಾಳ್ಮೆ ಈಗ ಯಾರಿಗಿದೆ?

ನನ್ನ ಮನಸ್ಸು ಕರಗಿಸಿದ್ದು ಮಾತ್ರ ಅವರ 2018ರ ಹಾಡು ‘ಡಾರ್ಕ್ ಆಲ್ ಡೇ’. 1987ರ ‘ದಿ ಲಾಸ್ಟ್ ಬಾಯ್ಸ್’ ಚಿತ್ರದಲ್ಲಿ ಅಂಗಿಯಿಲ್ಲದ ಮೈಗೆ ಎಣ್ಣೆ ಬಳಿದುಕೊಂಡು ಸ್ಯಾಕ್ಸೊಫೋನ್ ಊದುವವನೊಬ್ಬ ಬರುತ್ತಾನೆ. ನೋಡಿದವರು ಮರೆಯಲಾರರು, ಹೆಸರು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಟಿಮ್ ಕ್ಯಾಪೆಲ್ಲೊ. ಟೀನಾ ಟರ್ನರ್ ಜೊತೆ ವರ್ಷಗಟ್ಟಲೆ ನುಡಿಸಿದ ಕಲಾವಿದ. ಮೂವತ್ತೊಂದು ವರ್ಷದ ಮೇಲೆ ಈ ತಂಡ ಅವರನ್ನು ಹುಡುಕಿ ಕರೆದು, ಈ ಹಾಡಿನಲ್ಲಿ ಮತ್ತೆ ಊದಿಸಿತು. ನಮ್ಮಲ್ಲಿ ಹಳೆಯ ವಾದ್ಯಗಾರರನ್ನು ಹೀಗೆ ಯಾರು ಕರೆಯುತ್ತಾರೆ?

ಇಂದು ಟೇಪಿನ ಆ ಸುಯ್ಯೆನ್ನುವ ಗದ್ದಲ, ಸ್ವರ ಜಗ್ಗಿದಂತಾಗುವ ಆ ಓಲಾಟ ಎಲ್ಲ ಸಾಫ್ಟ್‌ವೇರಿನಲ್ಲಿ ಸಿಗುತ್ತವೆ. ನಾವು ಸ್ಪಿರಿಟ್ ಹಚ್ಚಿ ತೊಡೆದು ಹಾಕುತ್ತಿದ್ದುದನ್ನು ಈಗಿನ ಹುಡುಗರು ದುಡ್ಡು ಕೊಟ್ಟು ಕೊಳ್ಳುತ್ತಾರೆ! ಆದರೆ ಪಕ್ಕದ ಮನೆಯವರು ಅದರೊಳಗೆ ಬರುವುದಿಲ್ಲ. ಇಯರ್‌ಫೋನಿನಲ್ಲಿ ಒಬ್ಬರಿಗಷ್ಟೇ ಜಾಗ. ಹಾಗಂತ ಬೈಯಲೂ ಬಾಯಿ ಬರುವುದಿಲ್ಲ. ಈ ಬಗೆಯ ಸಂಗೀತ ಬೆಳೆದದ್ದೇ ಅಂತರ್ಜಾಲದಲ್ಲಿ. ಅದಿಲ್ಲದಿದ್ದರೆ ಗನ್‌ಶಿಪ್ ಹೆಸರು ನನ್ನ ಕಿವಿಗೆ ಬೀಳುತ್ತಿತ್ತೇ?

2023ರಲ್ಲಿ ತಂಡದ ‘ಯುನಿಕಾರ್ನ್’ ಆಲ್ಬಂ ಬಂತು. ಅದರಲ್ಲಿ ‘ಟೆಕ್ ನೊಆರ್ 2’ ಇದೆ, ಮತ್ತೆ ಕಾರ್ಪೆಂಟರ್ ಇದ್ದಾರೆ. ಎಂಟೇ ವರ್ಷದಲ್ಲಿ ನೆನಪಿನ ಹಾಡಿಗೂ ಎರಡನೇ ಭಾಗ! ಕ್ಯಾಸೆಟ್ ಕಾಲದಲ್ಲಿ ಟರ್ಮಿನೇಟರ್ ಬಿಟ್ಟರೆ ಎರಡನೇ ಭಾಗ ಮೊದಲಿನದನ್ನು ಸರಿಗಟ್ಟಿದ್ದು ಅಪರೂಪ. ನನ್ನ ಕಿವಿಗೆ ಇಲ್ಲೂ ಮೊದಲಿನದೇ ಮೇಲು.