ಹತ್ತು ನಿಮಿಷದ ಸಂಗೀತ

ಸುದ್ದಿಯು ಒಬ್ಬರ ಬಾಯಿಂದ ಇನ್ನೊಬ್ಬರ ಕಿವಿಗೆ ಸಾಗುವಾಗ ಮೊದಲು ಉದುರಿಹೋಗುವುದು ‘ಇಷ್ಟೇ’ ಎಂಬ ಮಾತು. ಶಾಸ್ತ್ರಜ್ಞನು ಬಹು ಎಚ್ಚರಿಕೆಯಿಂದ ಕಾಪಾಡಿಕೊಳ್ಳಬೇಕಾದುದೂ ಅದೇ ಮಾತನ್ನು. ಮನಶ್ಶಾಸ್ತ್ರದ ಸಂಶೋಧನೆಗೂ ಅದನ್ನು ಕುರಿತ ಪತ್ರಿಕೆಗಳ ವರದಿಗೂ ಇರುವ ಅಂತರವು ಬಹುಮಟ್ಟಿಗೆ ಇದರಲ್ಲಿಯೇ ಅಡಗಿದೆ. ಪಾಶ್ಚಾತ್ಯ ಸಂಗೀತಗಾರನಾದ ಮೋಜಾರ್ಟನ ಹೆಸರಿನಲ್ಲಿ ನಡೆದ ಕಥೆಯು ಇದಕ್ಕೆ ತಕ್ಕ ನಿದರ್ಶನ.

1993ರಲ್ಲಿ ಅಮೆರಿಕೆಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಅರ್ವೈನ್ ಕೇಂದ್ರದಲ್ಲಿ ಫ್ರಾನ್ಸಿಸ್ ರೌಷರ್ ಎಂಬ ವಿದುಷಿಯೂ ಆಕೆಯ ಇಬ್ಬರು ಸಂಗಡಿಗರೂ 36 ಮಂದಿ ಕಾಲೇಜು ವಿದ್ಯಾರ್ಥಿಗಳಿಗೆ ಮೋಜಾರ್ಟನ ಪಿಯಾನೋ ಕೃತಿಯೊಂದನ್ನು 10 ನಿಮಿಷ ಕೇಳಿಸಿದರು. ಬಳಿಕ, ಮಡಿಸಿ ಕತ್ತರಿಸಿದ ಕಾಗದವನ್ನು ಬಿಚ್ಚಿದರೆ ಹೇಗೆ ಕಾಣುವುದೆಂಬಂತಹ, ಆಕಾರಗಳನ್ನು ಊಹಿಸುವ ಸಮಸ್ಯೆಗಳನ್ನು ಕೊಟ್ಟರು. ಅದೇ ವಿದ್ಯಾರ್ಥಿಗಳು ಸುಮ್ಮನೆ ಕುಳಿತೆದ್ದು ಬಿಡಿಸಿದಾಗಿನದಕ್ಕಿಂತ, ಬುದ್ಧಿಶಕ್ತಿಯ ಅಳತೆಯಲ್ಲಿ 8–9 ಅಂಕಗಳಷ್ಟು ಹೆಚ್ಚಿನ ಫಲ ಕಂಡುಬಂದಿತು. ಆದರೆ ಅದು 10–15 ನಿಮಿಷಗಳಿಗಿಂತ ಹೆಚ್ಚು ನಿಲ್ಲಲಿಲ್ಲ. ‘ನೇಚರ್’ ಪತ್ರಿಕೆಯಲ್ಲಿ ಅವರು ಬರೆದುದು ಇಷ್ಟೇ. ಎಳೆಯ ಕೂಸುಗಳನ್ನು ಅವರು ಪರೀಕ್ಷಿಸಿರಲೇ ಇಲ್ಲ.

ವರದಿಗಳು ಹರಡಿದಂತೆಲ್ಲ ವಿದ್ಯಾರ್ಥಿಯು ಶಿಶುವಾದನು. ಕಾಲು ಗಂಟೆಯು ಜೀವಮಾನವಾಯಿತು. ಆಕಾರಗಳ ಊಹೆಯು ಸಮಸ್ತ ಬುದ್ಧಿಯೂ ಆಯಿತು. 1998ರಲ್ಲಿ ಜಾರ್ಜಿಯಾ ಸಂಸ್ಥಾನದ ಗವರ್ನರ್ ಝೆಲ್ ಮಿಲ್ಲರರು, ಅಲ್ಲಿ ಹುಟ್ಟುವ ಪ್ರತಿಯೊಂದು ಮಗುವಿಗೂ ಸಂಗೀತದ ಮುದ್ರಿಕೆಯನ್ನು ಕೊಡುವುದಕ್ಕಾಗಿ 1,05,000 ಡಾಲರುಗಳನ್ನು ಕೇಳಿದರು.

ಶಾಸ್ತ್ರವು ತನ್ನ ಮೆಲುನಡೆಯಲ್ಲಿಯೇ ಮುಂದುವರಿಯಿತು. 1999ರಲ್ಲಿ ಕ್ರಿಸ್ಟೋಫರ್ ಚಾಬ್ರಿಸರು 16 ಪರೀಕ್ಷೆಗಳ ಫಲವನ್ನು ಕೂಡಿಸಿ ನೋಡಲಾಗಿ, ಲಾಭವು ಒಂದೂವರೆ ಅಂಕವನ್ನೂ ಮುಟ್ಟಲಿಲ್ಲ. ಅದೇ ವರ್ಷ ನಡೆದ ಇನ್ನೊಂದು ಪ್ರಯೋಗದಲ್ಲಿ, ಕಥೆಯನ್ನು ಮೆಚ್ಚುವವರಿಗೆ ಕಥೆ ಕೇಳಿದ ಮೇಲೆಯೇ ಸಮಸ್ಯೆಗಳು ಹೆಚ್ಚು ಚೆನ್ನಾಗಿ ಬಿಡಿಸಿದವು. ಮನಸ್ಸು ಪ್ರಫುಲ್ಲವಾದಾಗ ಕೆಲಸವು ತುಸು ಹಗುರವಾಗುವುದೆಂಬುದೇ ಇದರ ತಾತ್ಪರ್ಯ. ಈ ತಿದ್ದುಪಡಿಯು ಮೊದಲಿನ ಸುದ್ದಿಯಷ್ಟು ದೂರ ಹೋಗಲಿಲ್ಲ.

ಹಾಗೆಂದು ನಂಬಿದವರನ್ನು ಹಳಿಯುವುದು ನ್ಯಾಯವಲ್ಲ. ಉಪಾಧ್ಯಾಯರ ಸಂಬಳವೂ ಮಕ್ಕಳ ಪರೀಕ್ಷಾಫಲವೂ ಕೆಳಮಟ್ಟದಲ್ಲಿದ್ದ ಸಂಸ್ಥಾನಗಳಲ್ಲಿಯೇ ಪತ್ರಿಕೆಗಳು ಈ ಸಂಗತಿಗೆ ಹೆಚ್ಚು ಸ್ಥಳ ಕೊಟ್ಟವೆಂದು ಬ್ಯಾಂಗರ್ಟರ್ ಮತ್ತು ಹೀತ್ ಎಂಬ ವಿದ್ವಾಂಸರು 2004ರಲ್ಲಿ ತೋರಿಸಿಕೊಟ್ಟರು. ಒಳ್ಳೆಯ ಶಾಲೆ ದೊರೆಯದ ಕಡೆ ತಾಯಿತಂದೆಗಳು ಮುದ್ರಿಕೆಯನ್ನಾದರೂ ನೆಚ್ಚಿದರೆ ಆಶ್ಚರ್ಯವೇನು? ಹಾನಿಯು ಮೋಜಾರ್ಟನನ್ನು ಕೇಳಿಸಿದುದರಿಂದ ಆದುದಲ್ಲ; ಶಾಲೆಯನ್ನೂ ಉಪಾಧ್ಯಾಯರನ್ನೂ ಬೇಡಬೇಕಾಗಿದ್ದ ಕಳವಳವು ಅಗ್ಗದ ಉಪಾಯದಿಂದ ಸಮಾಧಾನಗೊಳ್ಳುವುದೇ ಹಾನಿ.

ಇಂತಹ ವರದಿಯು ಕೈಗೆ ಬಂದಾಗ ಯಾರಲ್ಲಿ, ಎಷ್ಟು ಹೊತ್ತು, ಯಾವ ಕೆಲಸದಲ್ಲಿ ಎಂಬ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಒಳಿತು. ತೊಟ್ಟಿಲ ಬಳಿಯ ಹಾಡಿಗಾದರೋ ಯಾವ ಪ್ರಶ್ನೆಯೂ ಬೇಕಿಲ್ಲ. ಮಗುವು ಜಾಣನಾಗಲೆಂದು ತಾಯಿಯು ಅದನ್ನು ಹಾಡುವುದಿಲ್ಲ; ನಿದ್ದೆ ಬರಲೆಂದು ಹಾಡುತ್ತಾಳೆ.