ಆರಾಮ ಅದೀರೇನ್ರಿ?

ಮೈಸೂರು, ಬೆಂಗಳೂರಿನ ಕಡೆಯವರು ಎದುರು ಸಿಕ್ಕವರನ್ನು ‘ಚೆನ್ನಾಗಿದ್ದೀರಾ?’ ಎಂದು ಕೇಳುತ್ತಾರೆ. ಧಾರವಾಡದವರು ಕೇಳುವುದು ‘ಆರಾಮ ಅದೀರೇನ್ರಿ?’ ಎಂದು. ಉತ್ತರವೂ ನಾಲಿಗೆಯ ತುದಿಯಲ್ಲೇ ಇರುತ್ತದೆ: ‘ಆರಾಮ ನೋಡ್ರಿ.’ ಜ್ವರ ಬಂದು ಮಲಗಿದವರ ಬಗ್ಗೆ ಹೇಳುವಾಗಲೂ ಇದೇ ಪದ ಬೇಕು: ‘ಅವರಿಗೆ ಯಾಕೋ ಆರಾಮಿಲ್ರಿ.’ ಅಂದರೆ ಈ ಸೀಮೆಯಲ್ಲಿ ನೆಮ್ಮದಿಗೂ ಆರೋಗ್ಯಕ್ಕೂ ಬೇರೆ ಬೇರೆ ಪದ ಬೇಕಿಲ್ಲ. ಆರಾಮ ತಪ್ಪಿತೆಂದರೆ ಅದೇ ಒಂದು ಕಾಯಿಲೆ. ಪದದ ಬೇರು ಹುಡುಕಿದರೆ ಫಾರಸಿಯಲ್ಲಿ ಅದು ವಿಶ್ರಾಂತಿ, ಸಂಸ್ಕೃತದಲ್ಲಿ ಉದ್ಯಾನ. ಅಂಗಳದಲ್ಲೊಂದು ಪಾರಿಜಾತ, ಮಧ್ಯಾಹ್ನಕ್ಕೊಂದು ನಿದ್ದೆ ಇಟ್ಟುಕೊಂಡ ಹಳೆಯ ಧಾರವಾಡಕ್ಕೆ ಎರಡೂ ಒಪ್ಪುತ್ತವೆ.

ಇಪ್ಪತ್ತು ಕಿಲೋಮೀಟರು ಆಚೆಗೆ ಹುಬ್ಬಳ್ಳಿ. 1962ರಲ್ಲಿ ಎರಡೂ ಊರನ್ನು ಒಂದೇ ಮಹಾನಗರಪಾಲಿಕೆಗೆ ಸೇರಿಸಿದರು. ಆದರೂ ಜಾತಕ ಕೂಡಿದಂತಿಲ್ಲ. ಹತ್ತಿ, ಅರಳೆ, ರೈಲು, ಸಗಟು ಪೇಟೆ ಎಂದು ಹುಬ್ಬಳ್ಳಿ ಎಂದೂ ಕೂತದ್ದೇ ಇಲ್ಲ. ಸುಮಾರು 550 ಮೀಟರು ಇದ್ದ ತನ್ನ ರೈಲು ನಿಲ್ದಾಣದ ಪ್ಲಾಟ್‌ಫಾರ್ಮನ್ನು ಎಳೆದೂ ಎಳೆದೂ 1,507 ಮೀಟರು ಮಾಡಿತು. 2023ರಲ್ಲಿ ಗೋರಖಪುರವನ್ನು ಹಿಂದೆ ಹಾಕಿ ಜಗತ್ತಿನಲ್ಲೇ ಉದ್ದದ್ದು ಎನಿಸಿಕೊಂಡಿತು. ಆ ತುದಿಯಿಂದ ಈ ತುದಿಗೆ ನಡೆದರೆ ಬೆಳಗಿನ ವಾಕಿಂಗ್ ಮುಗಿದಂತೆಯೇ. ಹುಬ್ಬಳ್ಳಿ ಪ್ಲಾಟ್‌ಫಾರ್ಮನ್ನು ಉದ್ದ ಮಾಡಿತು, ಧಾರವಾಡ ಮಾತನ್ನು.

ಇವೆರಡರ ನಡುವೆ ಓಡುವ ತ್ವರಿತ ಬಸ್ಸಿಗೆ ‘ಚಿಗರಿ’ ಎಂದು ಹೆಸರಿಟ್ಟಿದ್ದಾರೆ. ಬಯಲಿನಲ್ಲಿ ನೆಗೆದೋಡುವ ಜಿಂಕೆಯ ಹೆಸರು. ತನಗಾಗಿಯೇ ಕಾದಿಟ್ಟ ದಾರಿಯಲ್ಲಿ ಅದು ಬೀಸುಗಾಲು ಹಾಕುತ್ತದೆ. ಧಾರವಾಡದ ಜುಬಿಲಿ ಸರ್ಕಲ್ಲಿನ ಹತ್ತಿರ ಇಳಿದವರಿಗೆ ಮಾತ್ರ ಜಿಂಕೆಯ ಓಟ ಅಲ್ಲಿಗೇ ಮುಗಿಯುತ್ತದೆ. ಮುಂದಿನದೆಲ್ಲ ‘ಸಾವಕಾಶ ಹೋಗೂಣ ತಡೀರಿ’.

ಈ ಸಾವಕಾಶ ಹೇಗಿರುತ್ತದೆಂದು ನೋಡಬೇಕಾದರೆ ಲೈನ್ ಬಜಾರಿಗೆ ಹೋಗಬೇಕು. ಧಾರವಾಡ ಪೇಢೆ ಊರೊಳಗೆ ಹುಟ್ಟಿದ್ದಲ್ಲ, ಉತ್ತರ ಪ್ರದೇಶದ ಉನ್ನಾವಿನಿಂದ ಬಂದದ್ದು. ಹತ್ತೊಂಬತ್ತನೇ ಶತಮಾನದಲ್ಲಿ ಪ್ಲೇಗಿಗೆ ಹೆದರಿ ಊರು ಬಿಟ್ಟ ಠಾಕೂರ್ ಮನೆತನ ಇಲ್ಲಿ ನೆಲೆ ನಿಂತು ಹೊಟ್ಟೆಪಾಡಿಗೆ ಪೇಢೆ ಮಾಡಿತು ಎಂಬುದು ಮನೆತನದ ಕಥೆ. ಅದನ್ನು ಹೆಸರುವಾಸಿ ಮಾಡಿದವರು ಬಾಬುಸಿಂಗ್ ಠಾಕೂರ್. ಎಮ್ಮೆಯ ಹಾಲನ್ನು ಬತ್ತಿಸಿ ಖೋವಾ ಮಾಡಬೇಕು. ಆ ಖೋವಾವನ್ನು ಸಕ್ಕರೆಯೊಂದಿಗೆ ಕಬ್ಬಿಣದ ಕಡಾಯಿಯಲ್ಲಿ ಕಂದು ಬಣ್ಣ ಬರುವವರೆಗೆ ಕೈ ಬಿಡದೆ ತಿರುವಬೇಕು. ಉರಿ ಜೋರಾದರೆ ತಳ ಹಿಡಿಯುತ್ತದೆ, ಅವಸರ ಮಾಡಿದರೆ ಬಣ್ಣ ಬರುವುದಿಲ್ಲ. ಕೊನೆಗೆ ಉಂಡೆ ಕಟ್ಟಿ ಸಕ್ಕರೆ ಪುಡಿಯಲ್ಲಿ ಹೊರಳಿಸಿದರೆ, ಕೆಮ್ಮಣ್ಣಿನ ಹೆಂಟೆಯ ಮೇಲೆ ಆಲಿಕಲ್ಲು ಬಿದ್ದಂತೆ ಕಾಣುವ ಪೇಢೆ ಸಿದ್ಧ.

ಜಿಐ ಮಾನ್ಯತೆ ಪಡೆದ ಈ ತಿಂಡಿಗೆ ದೇಶವೆಲ್ಲ ಗಿರಾಕಿ ಇದ್ದರೂ ಲೈನ್ ಬಜಾರದ ಠಾಕೂರರ ಅಂಗಡಿ ಬಹುಕಾಲ ಒಂದೇ ಗಲ್ಲೆಗೆ ಅಂಟಿಕೊಂಡು ಕೂತಿತ್ತು. ಅಂದು ಮಾಡಿದ್ದು ಮುಗಿದರೆ ಅಂದಿನ ವ್ಯಾಪಾರವೂ ಮುಗಿಯಿತು. ಪಾಳಿ ಹಚ್ಚಿ ನಿಂತವರು ಹೊಯ್ದಾಡಿದರೆ ಕಡಾಯಿಯೇನೂ ಹಿಗ್ಗುತ್ತಿರಲಿಲ್ಲ. ಇದೇ ಊರಿನಲ್ಲಿ 1933ರಲ್ಲಿ ಶುರುವಾದ ಮಿಶ್ರಾ ಪೇಢೆಯವರು ಇನ್ನೊಂದು ದಾರಿ ಹಿಡಿದರು: ಕಾರ್ಖಾನೆ ಕಟ್ಟಿದರು, ಊರೂರಲ್ಲಿ ಮಳಿಗೆ ತೆರೆದರು. ಇವತ್ತು ಬೆಂಗಳೂರಿನವರು ಧಾರವಾಡಕ್ಕೆ ಬರದೆಯೇ ಧಾರವಾಡ ಪೇಢೆ ತಿನ್ನುವುದು ಅವರ ಉಪಕಾರ. ಯಾವ ದಾರಿ ಸರಿ ಎಂದು ಕೇಳಿದರೆ ಊರಿನವರು ತೀರ್ಪು ಕೊಡುವುದಿಲ್ಲ. ಎರಡೂ ಕಡೆಯ ಪೇಢೆ ತರಿಸಿ ತಟ್ಟೆಗೆ ಹಾಕುತ್ತಾರೆ.

ಹಾಗಾದರೆ ಇದು ಸೋಮಾರಿಗಳ ಊರೇ? ಕೂತು ಹರಟೆ ಹೊಡೆಯುವವರ ಊರು ಎಂಬ ಮಾತು ಹಳೆಯದು. ಕೂತು ಏನೇನು ಮಾಡಿದರು ಎಂಬ ಪಟ್ಟಿ ಮಾತ್ರ ಸಣ್ಣದಲ್ಲ. ಮುಂಬಯಿ ಪ್ರಾಂತದಲ್ಲಿ ಕನ್ನಡ ಮೂಲೆ ಸೇರಿದ್ದ ಕಾಲಕ್ಕೆ, 1890ರಲ್ಲಿ, ಇಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಎದ್ದಿತು. ಇಲ್ಲೇ ಇದ್ದ ಆಲೂರು ವೆಂಕಟರಾಯರು ಹಂಚಿಹೋದ ಕನ್ನಡ ನಾಡು ಒಂದಾಗಬೇಕೆಂದು ಹಟ ಹಿಡಿದು, 1917ರಲ್ಲಿ ‘ಕರ್ನಾಟಕ ಗತವೈಭವ’ ಬರೆದರು. 1956ರ ಏಕೀಕರಣವನ್ನು ಕಣ್ಣಾರೆ ಕಂಡರು. ಸುಭಾಸ ರಸ್ತೆಯ ಒಂದು ಅಟ್ಟದ ಮೇಲೆ ಜಿ.ಬಿ. ಜೋಶಿಯವರ ಮನೋಹರ ಗ್ರಂಥಮಾಲೆ 1933ರಿಂದ ಪುಸ್ತಕ ಅಚ್ಚು ಹಾಕಿಸುತ್ತ ಬಂತು. ಅಟ್ಟ ಹತ್ತಿದವರಲ್ಲಿ ಬೇಂದ್ರೆ, ಕೀರ್ತಿನಾಥ ಕುರ್ತಕೋಟಿ ಇದ್ದರು. ಗಿರೀಶ ಕಾರ್ನಾಡರ ಮೊದಲ ನಾಟಕ ‘ಯಯಾತಿ’ 1961ರಲ್ಲಿ ಈ ಅಟ್ಟದಿಂದಲೇ ಹೊರಬಂತು. ಬರೆದ ಹುಡುಗ ಆಗ ಆಕ್ಸ್‌ಫರ್ಡಿನಲ್ಲಿದ್ದ. ಲೇಖಕ ಸಮುದ್ರ ದಾಟಿದರೂ ಪ್ರಕಾಶಕರು ಅಟ್ಟ ಇಳಿಯಲಿಲ್ಲ.

ಹಾಡುಗಾರರಲ್ಲಿ ಮಲ್ಲಿಕಾರ್ಜುನ ಮನ್ಸೂರರನ್ನು ನೋಡಿ. ಧಾರವಾಡದ ಮಗ್ಗುಲಿನ ಮನ್ಸೂರಿನಲ್ಲಿ 1910ರ ಕೊನೆಯ ದಿನ ಹುಟ್ಟಿದರು. ಮಿರಜದ ನೀಲಕಂಠಬುವಾ ಅವರಲ್ಲಿ ಗ್ವಾಲಿಯರ್ ಗಾಯಕಿ ಕಲಿತರು. ಆಮೇಲೆ ಮುಂಬಯಿಯಲ್ಲಿ ಜೈಪುರ–ಅತ್ರೌಲಿ ಘರಾಣೆಯ ಮಂಜಿ ಖಾನ್, ಭುರ್ಜಿ ಖಾನ್ ಅವರ ಮುಂದೆ ಮತ್ತೆ ಶಿಷ್ಯರಾಗಿ ಕೂತರು. ಮಹಾನಗರದಲ್ಲಿ ಬೇರೂರದೆ ಧಾರವಾಡಕ್ಕೆ ಮರಳಿ, ಆಕಾಶವಾಣಿಗೆ ಸಂಗೀತ ಸಲಹೆಗಾರರಾದರು. ದೇಶ ಅವರತ್ತ ತಿರುಗಿ ನೋಡುವ ಹೊತ್ತಿಗೆ ತಲೆ ನೆರೆತಿತ್ತು: ಪದ್ಮಶ್ರೀ ಬಂದದ್ದು 1970ರಲ್ಲಿ, ಪದ್ಮವಿಭೂಷಣ ಬಂದದ್ದು ತೀರಿಕೊಂಡ ವರ್ಷವೇ, 1992ರಲ್ಲಿ. ಊರಿನ ವಿಷಯದಲ್ಲಿ ಇಷ್ಟು ಆರಾಮಾಗಿದ್ದ ಮನುಷ್ಯ ಸ್ವರದ ವಿಷಯದಲ್ಲಿ ಒಂದು ದಿನವೂ ಆರಾಮಾಗಿ ಕೂತವರಲ್ಲ. ಬೇರೆಯವರು ಮುಟ್ಟಲು ಹಿಂಜರಿಯುವ ಅಪರೂಪದ ರಾಗಗಳನ್ನೇ ಹುಡುಕಿ ಹುಡುಕಿ ಹಾಡಿದರು.

ಅದೇ ಸೀಮೆಯ ಇನ್ನೊಂದು ಕಥೆ ಇದಕ್ಕೆ ತಿರುಗುಮುರುಗು. ಗದಗಿನ ಹನ್ನೊಂದು ವರ್ಷದ ಭೀಮಸೇನ ಜೋಶಿ 1933ರಲ್ಲಿ ಗುರುವನ್ನು ಹುಡುಕಿ ಮನೆ ಬಿಟ್ಟು ಓಡಿದರು. ಟಿಕೆಟ್ ಇಲ್ಲದೆ ರೈಲು ಹತ್ತಿದರು, ಡಬ್ಬಿಯಲ್ಲಿ ಹಾಡಿ ಹೊಟ್ಟೆ ತುಂಬಿಸಿಕೊಂಡರು. ಗ್ವಾಲಿಯರು, ಲಖನೌ, ರಾಂಪುರ ಎಲ್ಲ ಆಯಿತು. ಕೊನೆಗೆ ಪಂಜಾಬಿನ ಜಾಲಂಧರ. ಅಲ್ಲಿ ಸಿಕ್ಕ ಗಾಯಕ ವಿನಾಯಕರಾವ್ ಪಟವರ್ಧನರು ಹೇಳಿದರು: ನಿಮ್ಮ ಕಡೆಯೇ ಸವಾಯಿ ಗಂಧರ್ವರಿದ್ದಾರಲ್ಲ, ಅವರಲ್ಲಿಗೆ ಹೋಗು. ಸವಾಯಿ ಗಂಧರ್ವರ ಊರು ಕುಂದಗೋಳ. ಗದಗಿನಿಂದ ನೂರು ಕಿಲೋಮೀಟರು ಕೂಡ ಆಗುವುದಿಲ್ಲ. ಹುಡುಗ ವಾಪಸು ಬಂದು ಆ ಮನೆಯಲ್ಲಿ ನೀರು ಹೊತ್ತ, ಸ್ವರ ಕಲಿತ. ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ಲರು ಅದೇ ಗುರುವಿನ ಬಳಿಗೆ ರೈಲಿನಲ್ಲಿ ಹೋಗಿ ಬಂದು ಮಾಡುತ್ತಿದ್ದರು. ಅಂಗಳದಲ್ಲೇ ಇದ್ದದ್ದನ್ನು ಕಾಣಲು ಒಬ್ಬರಿಗೆ ಜಾಲಂಧರ ಬೇಕಾಯಿತು, ಇನ್ನೊಬ್ಬರಿಗೆ ಪ್ಯಾಸೆಂಜರ್ ಗಾಡಿ ಸಾಕಾಯಿತು. ಅಲೆದಾಟ ವ್ಯರ್ಥ ಎನ್ನಲೂ ಆಗದು. ಆ ಮೂರು ವರ್ಷ ದಾರಿಯಲ್ಲಿ ಕಿವಿಗೆ ಬಿದ್ದದ್ದೆಲ್ಲ ಆಮೇಲೆ ಆ ಕಂಠದೊಳಗೆ ಇದ್ದೇ ಇತ್ತು. ಕಲಿತ ಮೇಲೆ ಅವರು ಕುಂದಗೋಳದಲ್ಲಿ ನಿಲ್ಲಲೂ ಇಲ್ಲ, ಪುಣೆಯವರಾದರು.

ಇಷ್ಟು ಹೇಳಿ ನಿಲ್ಲಿಸಿದರೆ ಧಾರವಾಡ ಪಿಂಚಣಿದಾರರ ಚಿತ್ರವಾಗಿ ಉಳಿದುಬಿಡುತ್ತದೆ. ಇವತ್ತಿನ ಧಾರವಾಡ ನೋಡಲು ಸಪ್ತಾಪುರಕ್ಕೆ ಬರಬೇಕು.

ಗೋಡೆ, ಕಂಬ, ಗೇಟು, ಎಲ್ಲೆಲ್ಲೂ ಕೋಚಿಂಗ್ ಸೆಂಟರುಗಳ ಫಲಕ. ಕೆಎಎಸ್, ಪಿಎಸ್ಐ, ಪಿಡಿಒ, ಎಫ್‌ಡಿಎ, ಪೊಲೀಸ್ ಕಾನ್‌ಸ್ಟೇಬಲ್. ವಿಜಯಪುರ, ಬಾಗಲಕೋಟೆ, ಕೊಪ್ಪಳ, ರಾಯಚೂರಿನ ಹಳ್ಳಿಗಳಿಂದ ಬಂದ ಹುಡುಗ ಹುಡುಗಿಯರು ಸಣ್ಣ ಸಣ್ಣ ಕೋಣೆಗಳಲ್ಲಿ ಪಾಲು ಹಂಚಿಕೊಂಡು ಇರುತ್ತಾರೆ. ಬಾಡಿಗೆಯ ರೀಡಿಂಗ್ ರೂಮಿನಲ್ಲಿ ಮುಂಜಾನೆಯಿಂದ ರಾತ್ರಿಯವರೆಗೆ ಒಂದು ಕುರ್ಚಿ, ಒಂದು ಟ್ಯೂಬ್‌ಲೈಟು, ಒಂದು ನೀರಿನ ಬಾಟಲಿ. ಎದುರಿನ ಗೋಡೆಗೆ ಭಾರತದ ನಕ್ಷೆ, ಅದರ ಪಕ್ಕ ಕೈಯಲ್ಲಿ ಬರೆದ ಟೈಮ್ ಟೇಬಲ್. ಹಿರಿಯರು ಮಧ್ಯಾಹ್ನ ಕಣ್ಣು ಮುಚ್ಚುವ ಹೊತ್ತಿಗೆ ಇವರು ಪ್ರಚಲಿತ ವಿದ್ಯಮಾನದ ಮಾಸಿಕಕ್ಕೆ ಗೆರೆ ಎಳೆಯುತ್ತಿರುತ್ತಾರೆ. ನೋಟಿಫಿಕೇಶನ್ ಬರಲಿಲ್ಲವೆಂದರೆ ವಯೋಮಿತಿ ದಾಟುವ ಭಯ. ಬಂದರೆ ಕಟ್‌ಆಫ್ ಭಯ. ‘ಇದ್ದದ್ದರಲ್ಲಿ ಆರಾಮ ಇರ್ರಿ’ ಎಂದು ಇವರಿಗೆ ಹೇಳಲು ಹೊರಟವರ ಬಳಿ ಏನು ಇದೆ ಎಂಬುದನ್ನು ಮೊದಲು ಕೇಳಬೇಕಾಗುತ್ತದೆ. ಎರಡೆಕರೆ ಒಣಬೇಸಾಯದ ಮನೆಯ ಮಗನಿಗೆ ನೌಕರಿ ಎಂದರೆ ದುರಾಸೆಯಲ್ಲ. ಹಳೆಯ ಧಾರವಾಡದವರು ಯಾವುದನ್ನು ತಮ್ಮ ಸ್ವಭಾವ ಎಂದುಕೊಂಡರೋ ಆ ಆರಾಮಕ್ಕೆ ಇವರು ಅರ್ಜಿ ಹಾಕಿ ಕಾಯುತ್ತಿದ್ದಾರೆ, ಅಷ್ಟೇ.

ಇವರಲ್ಲಿ ಹಲವರಿಗೆ ಬುತ್ತಿ ಊರಿನಿಂದಲೇ ಬರುತ್ತದೆ. ಬೆಳಗಿನ ಬಸ್ಸಿಗೆ ಅವ್ವ ಡಬ್ಬಿ ಕೊಟ್ಟು ಕಳಿಸುತ್ತಾಳೆ, ಕಂಡಕ್ಟರ್ ಸೀಟಿನ ಕೆಳಗೆ ಇಡುತ್ತಾನೆ, ಇಲ್ಲಿ ಬಸ್ ಸ್ಟ್ಯಾಂಡಿನಲ್ಲಿ ಮಗ ಇಳಿಸಿಕೊಳ್ಳುತ್ತಾನೆ. ಅರಿವೆಯ ಗಂಟು ಬಿಚ್ಚಿದರೆ ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಕಾಗದದಲ್ಲಿ ಸುತ್ತಿದ ಶೇಂಗಾ ಚಟ್ನಿ, ಒಮ್ಮೊಮ್ಮೆ ಮೊಸರು. ರೊಟ್ಟಿಯ ಲೆಕ್ಕದಲ್ಲಿ ಯಾವಾಗಲೂ ಎರಡು ಹೆಚ್ಚೇ ಇರುತ್ತವೆ, ರೂಮಿನ ಗೆಳೆಯನ ಪಾಲಿಗೆ.

ಸಂಜೆ ಫೋನು ಬರುತ್ತದೆ. ಮೊದಲ ಪ್ರಶ್ನೆ ಗೊತ್ತಿದ್ದದ್ದೇ.

‘ಆರಾಮ ಅದೀಯೇನಪಾ?’

‘ಆರಾಮ ಅದೀನಬೇ.’

‘ಪರೀಕ್ಷಾ ಯಾವಾಗಂತ?’

‘ಇನ್ನೂ ಹೇಳಿಲ್ಲಬೇ.’

ಅತ್ತ ಒಂದು ಕ್ಷಣ ಮಾತಿಲ್ಲ. ಆಮೇಲೆ, ‘ಚಟ್ನಿ ಖಾರ ಆಗಿತ್ತೇನು?’ ಹುಡುಗ ಇಲ್ಲ ಎನ್ನುತ್ತಾನೆ, ಫೋನು ಇಡುತ್ತಾನೆ. ನಲ್ಲಿಯ ಕೆಳಗೆ ಡಬ್ಬಿ ತೊಳೆದು, ಅದೇ ಅರಿವೆಯಲ್ಲಿ ಕಟ್ಟಿ, ಊರಿನ ಕಡೆ ಹೋಗುವ ಕೊನೆಯ ಬಸ್ಸು ತಪ್ಪಿಸಿಕೊಳ್ಳಬಾರದೆಂದು ಸಪ್ತಾಪುರದ ಇಳಿಜಾರಿನಲ್ಲಿ ದಾಪುಗಾಲು ಹಾಕುತ್ತಾನೆ. ಕಟ್ಟೆಯ ಮೇಲೆ ಕೂತ ಯಾರೋ ಹಿರಿಯರು ಕೂಗಿ ಹೇಳುತ್ತಾರೆ: ‘ಏ ತಮ್ಮಾ, ಸಾವಕಾಶ ಹೋಗೋ, ಕಲ್ಲ ಅದಾವ ಅಲ್ಲೆ.’