ಡಬ್ಬಿಯ ಆಕಾರದ ವ್ಯಾಜ್ಯ

ಮಠದ ಪಾಠಶಾಲೆಯಲ್ಲಿ ವ್ಯಾಕರಣ, ತರ್ಕಗಳನ್ನು ಓದಿದವನಿಗೆ ಯುರೋಪಿನ ಮಾರುಕಟ್ಟೆಯ ಕಾಯಿದೆಗಳ ಗೊಡವೆಯೇಕೆ ಎಂದು ವಾಚಕ ಬಂಧುಗಳು ಕೇಳಬಹುದು. ಅಲ್ಲಿಗೆ ಸರಕು ಕಳುಹಿಸುವ ಪರಿಚಿತ ತರುಣರೊಬ್ಬರು, ‘ಜರ್ಮನಿಯಲ್ಲಿ ಮಾರಾಟಕ್ಕೆ ಸಲ್ಲುವ ವಸ್ತುವನ್ನು ನೆರೆಯ ದೇಶದವರು ತಡೆಯಬಹುದೇ?’ ಎಂದು ವಿಚಾರಿಸಿದರು. ಉತ್ತರ ಹೇಳುವುದು ವಕೀಲರ ಕೆಲಸ. ಆದರೂ ಆ ನಿಮಿತ್ತವಾಗಿ ಓದಿದ ತೀರ್ಪೊಂದು ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿತು.

ಅದು ಮಾರ್ಗರೀನಿನ ವ್ಯಾಜ್ಯ. ತೈಲಗಳಿಂದ ಬೆಣ್ಣೆಯಂತೆಯೇ ಸಿದ್ಧಪಡಿಸುವ ಈ ಪದಾರ್ಥವನ್ನು ಘನಾಕೃತಿಯ, ಎಂದರೆ ಪಗಡೆಯ ಚೌಕ ದಾಳದಂಥ ಪೊಟ್ಟಣದಲ್ಲಿಯೇ ಮಾರತಕ್ಕದ್ದೆಂದು ಬೆಲ್ಜಿಯಂ ವಿಧಿಸಿತ್ತು. ಗ್ರಾಹಕರು ಬೆಣ್ಣೆಯೆಂದು ಭ್ರಮಿಸಿ ಮೋಸಹೋಗಬಾರದೆಂಬುದೇ ಅದರ ಉದ್ದೇಶ. ಜರ್ಮನಿಯ ಕಂಪನಿಯೊಂದರ ಸರಕು ತುದಿ ಕತ್ತರಿಸಿದ ಶಂಕುವಿನಾಕಾರದ ಪ್ಲಾಸ್ಟಿಕ್ ಡಬ್ಬಿಗಳಲ್ಲಿತ್ತು. ಬೆಲ್ಜಿಯಂನ ವ್ಯಾಪಾರಿ ಅದನ್ನು ಸ್ವೀಕರಿಸಲಿಲ್ಲ. ಹ್ಯಾಂಬರ್ಗಿನ ನ್ಯಾಯಾಲಯವು ಪ್ರಶ್ನೆಯನ್ನು ಲಕ್ಸೆಂಬರ್ಗಿನ ಯುರೋಪಿಯನ್ ನ್ಯಾಯಾಲಯಕ್ಕೆ ಕಳುಹಿಸಿತು. ಬೆಣ್ಣೆಯನ್ನು ಮೂಸಿಯೇ ಗುರುತಿಸುವ ನಮ್ಮ ತಾಯಂದಿರಿಗೆ ಇದೆಲ್ಲ ವಿನೋದವೆನಿಸೀತು.

1982ರ ನವೆಂಬರ್ 10ರ ತೀರ್ಪಿನ ತರ್ಕ ಸೊಗಸಾಗಿದೆ. ಆ ನಿಯಮವು ಆಮದನ್ನು ಪೂರ್ಣವಾಗಿ ನಿಷೇಧಿಸಿರಲಿಲ್ಲ, ನಿಜ. ಆದರೆ ಹೊರಗಿನ ತಯಾರಕರು ಆ ಒಂದು ದೇಶಕ್ಕಾಗಿಯೇ ಬೇರೆ ಪೊಟ್ಟಣ ಮಾಡಬೇಕು, ಖರ್ಚು ಏರುತ್ತದೆ. ಬೆಲ್ಜಿಯಂನಲ್ಲಿ ಮಾರ್ಗರೀನಿನ ಬೆಲೆ ಹೆಚ್ಚಾಗಿದ್ದರೂ ಹೊರದೇಶದ ಮಾರ್ಗರೀನು ಅಲ್ಲಿ ಹೆಚ್ಚುಕಡಿಮೆ ಇರಲೇ ಇಲ್ಲವೆಂಬುದನ್ನು ನ್ಯಾಯಾಲಯವು ಗಮನಿಸಿತು. ಗ್ರಾಹಕರ ರಕ್ಷಣೆ ಯೋಗ್ಯವಾದ ಉದ್ದೇಶವೇ. ಅದಕ್ಕೆ ಸ್ಪಷ್ಟವಾದ ಲೇಬಲ್ ಸಾಕು, ಡಬ್ಬಿಯ ಆಕಾರವನ್ನು ಕಟ್ಟಿಹಾಕಬೇಕಾಗಿಲ್ಲ ಎಂದು ನಿರ್ಣಯಿಸಿತು.

ಈ ನಿಯಮ ಯಾರನ್ನು ಕಾಯುತ್ತದೆ, ಅದಕ್ಕಿಂತ ಹಗುರವಾದ ಉಪಾಯ ಇಲ್ಲವೇ ಎಂದು ಮೊದಲು ಕೇಳುವವರೇ ನನ್ನ ದೃಷ್ಟಿಯಲ್ಲಿ ಸಮರ್ಥ ಸಲಹೆಗಾರರು. ಕಾಯಿದೆಯ ಸಂದಿಯಲ್ಲಿ ನುಸುಳುವ ದಾರಿ ತೋರಿಸುವವರು ಬೇಕಾದಷ್ಟು ಜನ ಸಿಗುತ್ತಾರೆ.

ಒಂದು ಸದಸ್ಯ ರಾಷ್ಟ್ರದಲ್ಲಿ ಕಾನೂನುಬದ್ಧವಾಗಿ ಮಾರಾಟವಾಗುವ ವಸ್ತುವನ್ನು ಉಳಿದವರೂ ಸಾಮಾನ್ಯವಾಗಿ ಮಾನ್ಯ ಮಾಡಬೇಕೆಂಬ ತತ್ತ್ವ 1979ರ ತೀರ್ಪೊಂದರಿಂದಲೇ ಪ್ರಸಿದ್ಧವಾಗಿತ್ತು. ಆರೋಗ್ಯ, ಸುರಕ್ಷತೆಗಳಂಥ ಕಾರಣಗಳಿಗೆ ತಡೆಯಲು ಅವಕಾಶವುಂಟು. ನಮ್ಮ ರಫ್ತುದಾರರು ಇಲ್ಲಿ ಎಚ್ಚರ ವಹಿಸಬೇಕು: ಭಾರತದಲ್ಲಿ ಸಲ್ಲುತ್ತದೆಂಬುದು ಅಲ್ಲಿ ಆಧಾರವಾಗದು, ಮೊದಲು ಅಲ್ಲಿಯ ಯಾವುದಾದರೊಂದು ಸದಸ್ಯ ರಾಷ್ಟ್ರದಲ್ಲಿ ಅದು ವಿಧಿವತ್ತಾಗಿ ಮಾರಾಟಕ್ಕೆ ಬಂದಿರಬೇಕು. ಆಟಿಕೆಗಳಂತೆ ಇಡೀ ಒಕ್ಕೂಟಕ್ಕೆ ಒಂದೇ ನಿಯಮವಿರುವ ವಸ್ತುಗಳಿಗೆ ಆ ನಿಯಮವೇ ಪ್ರಮಾಣ.

2020ರ ಏಪ್ರಿಲಿನಿಂದ ಅನ್ವಯಿಸುತ್ತಿರುವ ನಿಯಮಾವಳಿಯಂತೆ, ವಸ್ತುವನ್ನು ತಡೆಯುವ ಅಧಿಕಾರಿಗಳು ಕಾರಣಸಹಿತವಾದ ನಿರ್ಣಯ ಕೊಡಬೇಕು. ತಮ್ಮ ಸರಕು ಇಂಥ ದೇಶದಲ್ಲಿ ಕಾನೂನುಬದ್ಧವಾಗಿ ಮಾರಾಟದಲ್ಲಿದೆಯೆಂಬ ಘೋಷಣಾಪತ್ರವನ್ನು ತಯಾರಕರು ಸಿದ್ಧಪಡಿಸಿಟ್ಟುಕೊಳ್ಳಬಹುದು. ಅದಿಲ್ಲದೆ ಅಧಿಕಾರಿಗಳು ದಾಖಲೆ ಕೇಳಿದರೆ, ಒದಗಿಸಲು ಕನಿಷ್ಠ 15 ಕೆಲಸದ ದಿನಗಳ ಅವಕಾಶವುಂಟು.